ಅಗೆಯುವವರಿಗೆ ಅನ್ನವಿಲ್ಲವೆ?

ಡೊಂಬಿವಲಿಯಲ್ಲಿರುವ ನಮ್ಮ ನೆಂಟರ ಮನೆಯ ಹುಡುಗಿ ಹನ್ನೆರಡನೆಯ ತರಗತಿ ಮುಗಿಸಿ, ‘ಪುರಾತತ್ವ ಓದುತ್ತೇನೆ’ ಅಂದಳು. ಅಂದಿನಿಂದ ಆ ಮನೆಗೆ ಬುದ್ಧಿ ಹೇಳುವವರ ಸಾಲು. ಸತ್ಯನಾರಾಯಣ ಪೂಜೆಯ ದಿನ ಪಂಕ್ತಿಯಲ್ಲಿ ಅವಳ ಎಲೆಗೆ ಬಿದ್ದದ್ದು ಸಪಾದ ಭಕ್ಷ್ಯಕ್ಕಿಂತ ಉಪದೇಶವೇ ಹೆಚ್ಚು. ಹುಡುಗಿ ತಲೆ ಎತ್ತದೆ ಉಂಡು ಎದ್ದಳು. ಅದೇ ಪಂಕ್ತಿಯಲ್ಲಿ ಕೂತಿದ್ದ ನಾನೂ ಬಾಯಿ ಬಿಡಲಿಲ್ಲ. ಆಡಿದವರು ಯಾರೂ ಅವಳ ಕೇಡು ಬಯಸಿದವರಲ್ಲ. ಆದರೂ ಅವರ ಐದು ಮಾತಿಗೆ ಉತ್ತರ ಬಾಕಿ ಇದೆ.

‘ಓದಿದ ಮೇಲೆ ಕೆಲಸ ಎಲ್ಲಿದೆ? ಇರುವುದು ಸರಕಾರದ್ದೊಂದು ಇಲಾಖೆ.’

ಇದರಲ್ಲಿ ಅರ್ಧ ನಿಜ. ಭಾರತೀಯ ಪುರಾತತ್ವ ಸರ್ವೇಕ್ಷಣದಲ್ಲಿ ಹುದ್ದೆಗಳು ಕಡಿಮೆ, ಪೈಪೋಟಿ ಜಾಸ್ತಿ. ಉತ್ಖನನದ ಕೆಲಸ ಎಷ್ಟೋ ಸಲ ಗುತ್ತಿಗೆಯದ್ದು, ಹಂಗಾಮು ಮುಗಿದರೆ ಸಂಬಳವೂ ಮುಗಿಯಿತು. ಇದನ್ನು ಮುಚ್ಚಿಟ್ಟು ಹುಡುಗಿಯನ್ನು ಹುರಿದುಂಬಿಸಿದರೆ ಮೋಸವಾದೀತು. ಆದರೆ ‘ಒಂದೇ ಇಲಾಖೆ’ ಎಂಬ ಇನ್ನರ್ಧ ಸುಳ್ಳು. ಸರ್ವೇಕ್ಷಣದ ಮುಂಬಯಿ ಕಚೇರಿ ಇರುವ ಸಾಯನ್ ಕೋಟೆಯ ಪಕ್ಕದಲ್ಲೇ ನಾವು ದಿನಾ ಲೋಕಲ್‌ನಲ್ಲಿ ಹಾದುಹೋಗುತ್ತೇವೆ. ಅದರಾಚೆ ರಾಜ್ಯಗಳಿಗೆ ಅವರವರ ಪುರಾತತ್ವ ಇಲಾಖೆಗಳಿವೆ. 1922ರಲ್ಲಿ ಬಾಗಿಲು ತೆರೆದ, ಈಗ ಛತ್ರಪತಿ ಶಿವಾಜಿ ಮಹಾರಾಜರ ಹೆಸರು ಹೊತ್ತ ವಸ್ತುಸಂಗ್ರಹಾಲಯವಿದೆ. ಹಳೆಯ ಚಿತ್ರ, ಲೋಹ, ಬಟ್ಟೆಗಳನ್ನು ರಿಪೇರಿ ಮಾಡುವ ಪರಿಣತರು ಅಲ್ಲಿದ್ದಾರೆ. ಫೋರ್ಟಿನಲ್ಲಿ ರಿಸರ್ವ್ ಬ್ಯಾಂಕಿನ ನಾಣ್ಯ ಸಂಗ್ರಹಾಲಯ, ವಿಕ್ರೋಲಿಯಲ್ಲಿ ಗೋದ್ರೆಜ್ ಕಂಪನಿಯ ದಾಖಲೆ ಸಂಗ್ರಹ ಇವೆ. ನೆಟ್ ಪರೀಕ್ಷೆ ಪಾಸು ಮಾಡಿದರೆ ಕಾಲೇಜಿನಲ್ಲಿ ಪಾಠ ಹೇಳಬಹುದು.

ಕಾನೂನು ತೆರೆದ ದಾರಿಯೊಂದೂ ಇದೆ. 2010ರ ತಿದ್ದುಪಡಿಯ ಪ್ರಕಾರ ಕೇಂದ್ರದ ರಕ್ಷಿತ ಸ್ಮಾರಕದಿಂದ ನೂರು ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ ಇನ್ನೂರು ಮೀಟರಿನಲ್ಲಿ ಅನುಮತಿ ಬೇಕು. ಅಂಬರನಾಥದ ದೇವಸ್ಥಾನದ ಸುತ್ತ ಟವರ್ ಎಬ್ಬಿಸಲು ಹೊರಟ ಬಿಲ್ಡರನಿಗೂ ನಕ್ಷೆ ಓದಬಲ್ಲ, ಸ್ಮಾರಕದ ಬೆಲೆ ಬಲ್ಲ ಒಬ್ಬರು ಬೇಕೇ ಬೇಕು.

‘ಮಾರ್ಕು ಬಾರದವರು ಹಿಡಿಯುವ ದಾರಿ ಇದು.’

ಈ ಮಾತು ಆಡಿದವರು ಉತ್ಖನನದ ಗುಂಡಿಯೊಂದನ್ನು ಹತ್ತಿರದಿಂದ ನೋಡಿರಲಾರರು. ಗುಂಡಿಯ ಗೋಡೆಯನ್ನು ಚೂರಿಯಿಂದ ಹೆರೆದಂತೆ ನಯ ಮಾಡಿರುತ್ತಾರೆ. ಅದರಲ್ಲಿ ಕಂದು ಮಣ್ಣು, ಬೂದಿಯ ಗೆರೆ, ಮತ್ತೆ ಹಳದಿ ಮಣ್ಣು ಹೀಗೆ ಪದರದ ಮೇಲೆ ಪದರ. ಮಕ್ಕಳು ಬಿಲ್ಲೆಯಾಡಲು ಆರಿಸಿಕೊಳ್ಳುವಂಥ ಒಂದು ಬೋಕಿ ಚೂರು ಸಿಕ್ಕರೂ ಯಾವ ಪದರ, ಎಷ್ಟು ಆಳ ಎಂದು ಚೀಟಿ ಬರೆದು ಕಟ್ಟಬೇಕು. ಚೀಟಿ ತಪ್ಪಿತೋ, ಚೂರು ಬರೀ ಚೂರು. ಕರಕಲಾದ ಕಾಳು ಯಾವ ಬೆಳೆಯದ್ದು ಎಂದು ಹೇಳಲು ಸಸ್ಯಶಾಸ್ತ್ರ ಬೇಕು, ಎಲುಬು ಗುರುತಿಸಲು ಪ್ರಾಣಿಶಾಸ್ತ್ರ, ಕಾಲ ಕಟ್ಟಲು ಭೌತಶಾಸ್ತ್ರ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಇವುಗಳಲ್ಲಿ ಹಲವು ಒಂದೇ ಸೂರಿನಡಿ ನಡೆಯುತ್ತವೆ. 1939ರಲ್ಲಿ ಅಲ್ಲಿಗೆ ಸೇರಿ ಪುರಾತತ್ವ ವಿಭಾಗವನ್ನು ಬೆಳೆಸಿದ ಎಚ್.ಡಿ. ಸಂಕಾಲಿಯಾ ಮುಂಬಯಿಯಲ್ಲೇ ಹುಟ್ಟಿದವರು. ಲೋಥಲ್ ಅಗೆದ ಎಸ್.ಆರ್. ರಾವ್ ನಮ್ಮ ಕರ್ನಾಟಕದವರು. ಇವರನ್ನು ‘ಮಾರ್ಕು ಬಾರದವರು’ ಅನ್ನುವಿರಾ?

‘ಥಾಣೆ, ಕಲ್ಯಾಣದಲ್ಲಿ ಅಗೆಯಲಿಕ್ಕೆ ಏನಿದೆ? ರಸ್ತೆ ಹೊಂಡ ಬಿಟ್ಟರೆ?’

ನಗು ಬರುವ ಮಾತೇ. ಆದರೆ 1787ರಲ್ಲಿ ಥಾಣೆಯ ಕೋಟೆಯಲ್ಲಿ ಹೊಸ ಕಟ್ಟಡಕ್ಕೆ ಪಾಯ ತೋಡುವಾಗಲೇ ತಾಮ್ರಪಟಗಳು ಸಿಕ್ಕವು. ಕೋಟೆ ಈಗ ಸೆಂಟ್ರಲ್ ಜೈಲು. ಆ ಪಟಗಳು ಶಕ 939ರವು, ಅಂದರೆ 1017ನೇ ಇಸವಿಯವು. ದಾನ ಕೊಟ್ಟವನು ಶಿಲಾಹಾರ ಅರಿಕೇಸರಿ. ಕಲ್ಯಾಣದ ಹೆಸರು ಸುಮಾರು ಎರಡು ಸಾವಿರ ವರ್ಷದ ಹಿಂದಿನ ಗ್ರೀಕ್ ನಾವಿಕನ ಕೈಪಿಡಿ ‘ಪೆರಿಪ್ಲಸ್’ನಲ್ಲಿದೆ, ಕಾನ್ಹೇರಿ ಗುಹೆಗಳಿಗೆ ದಾನ ಕೊಟ್ಟ ವ್ಯಾಪಾರಿಗಳ ಶಾಸನಗಳಲ್ಲೂ ಇದೆ. ಸೋಪಾರದ ಸ್ತೂಪವನ್ನು 1882ರಲ್ಲಿ ಭಗವಾನ್‌ಲಾಲ್ ಇಂದ್ರಜಿ ಅಗೆದರು. ಅಶೋಕನ ಶಾಸನದ ತುಣುಕೂ ಅದೇ ಊರಿನಲ್ಲಿ ಸಿಕ್ಕಿತು. ನವಿಮುಂಬಯಿಯವರಿಗಂತೂ ಘಾರಾಪುರಿಯ ಗುಹೆಗಳು ಖಾಡಿಯ ಆಚೆಗೇ ಇವೆ.

ಇನ್ನು ಈ ಸೀಮೆಯ ಊರಂಚಿನಲ್ಲಿ ನಿಂತ, ಗಧೇಗಾಳ್ ಎಂಬ ದಾನದ ಕಲ್ಲುಗಳು. ಮೇಲೆ ಸೂರ್ಯ, ಚಂದ್ರ. ನಡುವೆ ದಾನದ ಬರಹ. ಕೆಳಗೆ ಕತ್ತೆ ಮತ್ತು ಹೆಂಗಸಿನ ಕೆತ್ತನೆ. ದಾನಕ್ಕೆ ತಪ್ಪಿದವನಿಗೆ ಹಾಕಿದ ಹೊಲಸು ಬೈಗುಳ ಅದು. ನಮ್ಮ ಕಡೆಯ ಶಾಸನಗಳು ದಾನ ಕೆಡಿಸಿದವನಿಗೆ ಗೋಹತ್ಯೆಯ ಪಾಪ ಕಟ್ಟುತ್ತವೆ. ಓದು ಬಾರದವನಿಗೂ ತಿಳಿಯಲೆಂದು ಇಲ್ಲಿಯವರು ಶಾಪವನ್ನು ಚಿತ್ರವಾಗಿಯೇ ಕಡೆದರು.

‘ಇಲ್ಲಿಯ ಚರಿತ್ರೆ ಮರಾಠಿಯವರದ್ದು. ಕನ್ನಡದವರಿಗೆ ಅದರಲ್ಲಿ ಏನು ಕೆಲಸ?’

ನನ್ನ ತಕರಾರು ಮುಖ್ಯವಾಗಿ ಈ ಮಾತಿನ ಮೇಲೆಯೇ. ಅರಿಕೇಸರಿ ಎಂದಕೂಡಲೇ ನಮಗೆ ನೆನಪಾಗುವವನು ಪಂಪನ ದೊರೆ. ಥಾಣೆಯ ಪಟದಲ್ಲಿ ಅದೇ ಹೆಸರಿನ ಇನ್ನೊಬ್ಬ. ಅವನ ಮಂತ್ರಿಯ ಹೆಸರೂ ನಮ್ಮ ಕಡೆಯದರಂತೆ ಕೇಳುವ ವಾಸಪೈಯ. ಈ ಶಿಲಾಹಾರ ವಂಶದ ಹಿರಿಯರು ರಾಷ್ಟ್ರಕೂಟರ ಸಾಮಂತರು. ಹಾಗೆಂದು ‘ಥಾಣೆ ನಮ್ಮದು’ ಎಂದು ಎದೆ ತಟ್ಟಿಕೊಳ್ಳಬೇಕಾಗಿಲ್ಲ, ಪಟದ ಭಾಷೆ ಸಂಸ್ಕೃತ. ಕಲ್ಯಾಣ್ ಸ್ಟೇಷನ್ನಿನಲ್ಲಿ ಇಳಿದು ‘ಇದೇ ಬಸವಣ್ಣನ ಕಲ್ಯಾಣ’ ಎಂದು ಕೈಮುಗಿಯುವವರಿಗೆ, ಅದು ಬೀದರ ಜಿಲ್ಲೆಯದು ಎಂದು ತಿದ್ದುವುದೂ ಈ ವಿದ್ಯೆಯೇ. ಒಂದು ಹೆಸರಿನ ನಂಟು ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಹೇಳಲು ಎರಡೂ ಕಡೆಯ ಭಾಷೆ ಬಲ್ಲವರೇ ಬೇಕು.

ಅಂಥವರು ನಮ್ಮಲ್ಲಿ ಇದ್ದರು. ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ಕೆ.ಜಿ. ಕುಂದಣಗಾರರು ಆ ಸೀಮೆಯ ಕನ್ನಡ ಶಾಸನಗಳನ್ನು 1939ರಲ್ಲಿ ಪುಸ್ತಕ ಮಾಡಿದರು. ಚುಟುಕಗಳ ದಿನಕರ ದೇಸಾಯಿಯವರನ್ನು ನಾವೆಲ್ಲ ಬಲ್ಲೆವು. ಆದರೆ ಅವರು ಮುಂಬಯಿಯ ಸೇಂಟ್ ಝೇವಿಯರ್ಸ್‌ನಲ್ಲಿ ಇತಿಹಾಸಕಾರ ಫಾದರ್ ಹೆರಾಸರ ಶಿಷ್ಯರಾಗಿದ್ದವರು, ಕಲ್ಯಾಣ ಚಾಲುಕ್ಯರ ಮಹಾಮಂಡಳೇಶ್ವರರ ಮೇಲೆ ಪುಸ್ತಕ ಬರೆದವರು ಎಂಬುದು ಎಷ್ಟು ಜನಕ್ಕೆ ಗೊತ್ತು? ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಕಲಿತ ಡೊಂಬಿವಲಿಯ ಹುಡುಗಿಯ ಬಳಿ ಈ ವಿದ್ಯೆಯ ಅರ್ಧ ಬಂಡವಾಳ ಆಗಲೇ ಇದೆ. ಹಳಗನ್ನಡ ಮತ್ತು ಲಿಪಿಯನ್ನು ಸೇರಿಸಿಕೊಂಡರೆ ಮೈಸೂರಿನಲ್ಲಿರುವ ಸರ್ವೇಕ್ಷಣದ ಶಾಸನ ಶಾಖೆಯ ಕೆಲಸಕ್ಕೂ ಅವಳು ಯೋಗ್ಯಳೇ.

‘ಹೆಣ್ಣುಮಗಳು ಬಿಸಿಲಲ್ಲಿ ಮಣ್ಣು ಹೊರುವುದೇ?’

ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ 1940ರ ದಶಕದಲ್ಲೇ ಸಂಕಾಲಿಯಾರ ಜೊತೆ ಗುಜರಾತಿನ ಲಾಂಘಣಜದ ಉತ್ಖನನದಲ್ಲಿ ಇದ್ದರು. ದೇವಲಾ ಮಿತ್ರ 1981ರಲ್ಲಿ ಸರ್ವೇಕ್ಷಣದ ಮಹಾನಿರ್ದೇಶಕಿಯೇ ಆದರು. ಬೆಳಗಿನ ಎಂಟರ ಫಾಸ್ಟ್ ಲೋಕಲಿಗೆ ಡೊಂಬಿವಲಿಯಲ್ಲಿ ಹತ್ತಿ ಜೀವಸಹಿತ ಇಳಿಯುವ ಹುಡುಗಿಗೆ ಬಿಸಿಲು ಯಾವ ಲೆಕ್ಕ?

ಹಾಗಂತ ಕಣ್ಣು ಮುಚ್ಚಿ ಕಳಿಸಿ ಅನ್ನುತ್ತಿಲ್ಲ. ಬಿ.ಎ. ಮಾಡುವಾಗಲೇ ಒಂದು ಲಿಪಿ ಕಲಿಯಲಿ, ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದನ್ನು ಕಲಿಯಲಿ, ರಜೆಯಲ್ಲಿ ಒಂದು ಉತ್ಖನನಕ್ಕೆ ಹೋಗಿ ಬರಲಿ. ಮಣ್ಣು ಒಗ್ಗದಿದ್ದರೆ ಅಲ್ಲೇ ತಿಳಿಯುತ್ತದೆ. ಇನ್ನೊಂದು ದಾರಿ ಹಿಡಿಯಲು ಹೊತ್ತು ಮೀರಿರುವುದಿಲ್ಲ.

ಬರುವ ಭಾನುವಾರ ಆ ಪಂಕ್ತಿಯ ಹಿರಿಯರನ್ನೆಲ್ಲ ಅಂಬರನಾಥ ಲೋಕಲ್ ಹತ್ತಿಸಬೇಕೆಂದಿದ್ದೇನೆ. ಅವರಲ್ಲಿ ಕೆಲವರು ಪ್ರತಿ ಶಿವರಾತ್ರಿಗೂ ಅಲ್ಲಿಯ ಗುಡಿಗೆ ಹೋಗುವವರೇ. ಬಡಗಣ ಬಾಗಿಲ ಮೇಲಿನ ತೊಲೆಯಲ್ಲಿ ಶಕ 982ರ, ಅಂದರೆ 1060ರ ಶಾಸನವಿದೆ. ಅದನ್ನು ಓದಿ ಹೇಳಲು ನಮ್ಮ ಬಳಗದಲ್ಲಿ ಒಬ್ಬರಿಗೂ ಬಾರದು. ಹುಡುಗಿಗೆ ಐದು ವರ್ಷ ಕೊಟ್ಟರೆ ಅವಳಿಗೆ ಬಂದೀತು.