ಕಚೇರಿಯವರು ಬಿಟ್ಟ ಲ್ಯಾಪ್‌ಟಾಪು ನಮಗೂ ಹಳತೇ?

ಅಕ್ಕಿ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಮಿತ್ರರೊಬ್ಬರು ಹೋದ ವಾರ ಪಾಳಿ ಮುಗಿಸಿದವರೇ ನೇರವಾಗಿ ನಮ್ಮ ಮನೆಗೆ ಬಂದರು. ಕೈಯಲ್ಲಿ ಬಣ್ಣಬಣ್ಣದ ಕರಪತ್ರ. ಅವರ ಮಗಳು ಬಿ.ಕಾಂ. ಎರಡನೆಯ ವರ್ಷ ಓದುತ್ತಿದ್ದಾಳೆ. "ಮೇಷ್ಟ್ರೇ, ಹುಡುಗಿಗೆ ಲ್ಯಾಪ್‌ಟಾಪು ಬೇಕೇ ಬೇಕಂತೆ. ಅಂಗಡಿಯವ್ರು ಕಂತಿನ ಮ್ಯಾಲೆ ಕೊಡ್ತೀವಿ ಅಂತಾರೆ, ತಿಂಗಳಿಗೆ ಮೂರು ಸಾವಿರ. ಹೂಂ ಅಂದುಬಿಡ್ಲೇನ್ರೀ?" ಎಂದರು. ಎಷ್ಟು ತಿಂಗಳು ಎಂದು ಕೇಳಿದೆ. ಹದಿನೈದು. ಲೆಕ್ಕ ಹಾಕಿದರೆ 45,000 ರೂಪಾಯಿ. ಅಷ್ಟು ಹಣಕ್ಕೆ ಬರುವುದಾದರೂ ಏನೆಂದು ಆ ಮಾದರಿಯ ವಿವರ ಹುಡುಕಿ ನೋಡಿದೆ. ತೆಳ್ಳನೆಯ ಪ್ಲಾಸ್ಟಿಕ್ಕಿನ ಮೈ, 8 ಜಿ.ಬಿ. ಮೆಮೊರಿ, ಅದೂ ಬೋರ್ಡಿಗೇ ಬೆಸೆದದ್ದು, ನಾಳೆ ಸಾಲದೆ ಬಂದರೆ ಹೆಚ್ಚಿಸಲು ಬರುವಂತಿಲ್ಲ.

"ಬೇಡಿ. ಕಂಪೆನಿಗಳವರು ಬಳಸಿ ಬಿಟ್ಟದ್ದು ಇದರ ಅರ್ಧ ಬೆಲೆಗೆ ಸಿಗುತ್ತದೆ. ಅದನ್ನೇ ಕೊಳ್ಳೋಣ" ಎಂದೆ. ಮಿತ್ರರ ಮುಖ ಸಪ್ಪಗಾಯಿತು. "ಹಳೇದಾ?" ಎಂದರು.

ಈ ಒಂದು ಪದದ ಹಿಂದಿರುವ ಸಂಕಟ ನನಗೆ ತಿಳಿಯದ್ದಲ್ಲ. ಅಣ್ಣನ ಅಂಗಿ, ಪಕ್ಕದ ಮನೆಯವರ ಪಠ್ಯಪುಸ್ತಕ, ಯಾರೋ ತುಳಿದು ಬಿಟ್ಟ ಸೈಕಲ್ಲು, ಇವುಗಳಲ್ಲೇ ಬೆಳೆದವರು ಮಕ್ಕಳಿಗಾದರೂ ಹೊಸದನ್ನು ಕೊಡಿಸಬೇಕೆಂದು ಹಂಬಲಿಸುವುದು ಸಹಜ. ಆ ಹಂಬಲವನ್ನೇ ಬಂಡವಾಳ ಮಾಡಿಕೊಂಡು ಕಂತಿನ ವ್ಯಾಪಾರ ನಡೆಯುತ್ತಿದೆ. ಆದರೆ ಒಂದು ಯಂತ್ರವನ್ನು ಹಳತೆಂದು ತೀರ್ಮಾನಿಸಿದವರು ಯಾರು, ಯಾವ ಲೆಕ್ಕದ ಮೇಲೆ ತೀರ್ಮಾನಿಸಿದರು ಎಂಬುದನ್ನು ಒಮ್ಮೆಯಾದರೂ ವಿಚಾರಿಸಬೇಡವೆ?

2013ರ ಕಂಪೆನಿ ಕಾಯಿದೆಯ ಎರಡನೆಯ ಅನುಸೂಚಿಯಲ್ಲಿ ಯಾವ ಆಸ್ತಿಗೆ ಎಷ್ಟು ವರ್ಷದ ಆಯುಷ್ಯವೆಂದು ಪಟ್ಟಿ ಕೊಟ್ಟಿದ್ದಾರೆ. ಸಾಮಾನ್ಯ ಯಂತ್ರೋಪಕರಣಗಳಿಗೆ 15 ವರ್ಷ. ಮೇಜು ಕುರ್ಚಿಗಳಿಗೆ 10 ವರ್ಷ. ಲ್ಯಾಪ್‌ಟಾಪಿಗೆ ಕೇವಲ 3 ವರ್ಷ! ಇದು ಸವಕಳಿಯ ಲೆಕ್ಕ ಬರೆಯುವುದಕ್ಕಾಗಿ ಗೊತ್ತುಮಾಡಿದ ಆಯುಷ್ಯವೇ ಹೊರತು ಯಂತ್ರದ ಆಯುಷ್ಯವಲ್ಲ. ಮೂರು ವರ್ಷ ಕಳೆದರೆ ಲೆಡ್ಜರಿನಲ್ಲಿ ಅದರ ಬೆಲೆ ಹೆಚ್ಚುಕಡಮೆ ಸೊನ್ನೆ; ತಯಾರಕರ ವಾರಂಟಿಯೂ ಆ ಹೊತ್ತಿಗೆ ಮುಗಿದಿರುತ್ತದೆ; ಬೆಂಗಳೂರಿನ ದೊಡ್ಡ ಕಂಪೆನಿಗಳು ನೂರುಗಟ್ಟಲೆ ಯಂತ್ರಗಳನ್ನು ಒಟ್ಟಿಗೆ ವಿಲೇವಾರಿ ಮಾಡಿ ಹೊಸದನ್ನು ತರಿಸುತ್ತವೆ. ನಮ್ಮ ಗಿರಣಿಗಳಲ್ಲಿ ಇಪ್ಪತ್ತು ವರ್ಷದ ಮೋಟಾರು ವೈಂಡಿಂಗ್ ಕಟ್ಟಿಸಿಕೊಂಡು ಇಂದಿಗೂ ತಿರುಗುತ್ತಿಲ್ಲವೆ? ಹಾಗೆ ಹೊರಬಂದ ಲ್ಯಾಪ್‌ಟಾಪುಗಳೇ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಪೇಟೆಗಳಲ್ಲಿ ನಮ್ಮ ಕೈಗೆ ಸಿಗುತ್ತವೆ.

ಕಚೇರಿಗೆಂದು ಮಾಡಿದ ಲ್ಯಾಪ್‌ಟಾಪಿನ ಕಟ್ಟೋಣವೇ ಬೇರೆ. ಲೆನೊವೊ ಥಿಂಕ್‌ಪ್ಯಾಡ್ ಟಿ 480, ಡೆಲ್ ಲ್ಯಾಟಿಟ್ಯೂಡ್ 7490, ಎಚ್‌ಪಿ ಎಲೀಟ್‌ಬುಕ್ 840 ಜಿ 5, ಈ ಮೂರೂ 2018ರ ಮಾದರಿಗಳು. ಕೆಳಗಿನ ಮುಚ್ಚಳವನ್ನು ಸಾಮಾನ್ಯ ಸ್ಕ್ರೂಡ್ರೈವರಿನಿಂದ ತೆಗೆಯಬಹುದು. ಮೆಮೊರಿ ಕೂರಿಸಲು ಎರಡೆರಡು ಸ್ಲಾಟುಗಳುಂಟು. ಡಿಸ್ಕು, ಬ್ಯಾಟರಿ, ಫ್ಯಾನು, ಕೀಲಿಮಣೆ ಎಲ್ಲವನ್ನೂ ಬಿಚ್ಚಿ ಬದಲಾಯಿಸಬಹುದು. ಬಿಚ್ಚುವ ಕ್ರಮವನ್ನು ಚಿತ್ರಸಹಿತ ವಿವರಿಸುವ ಕೈಪಿಡಿಯನ್ನು ತಯಾರಕರೇ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆಯಾಗಿ ಇಟ್ಟಿದ್ದಾರೆ. ಟಿ 480ಕ್ಕೆ ಎರಡು ಬ್ಯಾಟರಿಗಳಿವೆ; ಹಿಂಬದಿಯದನ್ನು ಯಂತ್ರ ನಡೆಯುತ್ತಿರುವಾಗಲೇ ಕಳಚಿ ಬೇರೊಂದನ್ನು ಹಾಕಬಹುದು. ಕರೆಂಟು ಹೋದಾಗ ಬಿಲ್ಲು ಅರ್ಧಕ್ಕೆ ನಿಲ್ಲುವ ನಮ್ಮ ಅಂಗಡಿಗಳಿಗೆ ಇದೇನು ಸಣ್ಣ ಅನುಕೂಲವೆ? ಹೊಸದಾಗಿದ್ದಾಗ ಲಕ್ಷದ ಆಸುಪಾಸಿನಲ್ಲಿ ಮಾರಿದ ಇಂಥ ಯಂತ್ರಗಳು ಸ್ಥಿತಿಗತಿಗೆ ತಕ್ಕಂತೆ ಈಗ 15,000ದಿಂದ 25,000 ರೂಪಾಯಿಯ ಒಳಗೆ ಸಿಗುತ್ತವೆ. ಕಚೇರಿಯ ಯಂತ್ರವೆಂಬ ಹೆಸರೊಂದೇ ಸಾಲದೆಂಬುದನ್ನೂ ಹೇಳಬೇಕು. ಅದೇ ಥಿಂಕ್‌ಪ್ಯಾಡ್ ಕುಲದ ಎಕ್ಸ್ 1 ಕಾರ್ಬನ್ ಎಂಬ ತೆಳು ಯಂತ್ರದಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸೆದಿದ್ದಾರೆ. ನೋಡಲು ಚೆಲುವೆ, ಅಂದಕ್ಕೆ ಮಾರುಹೋಗಬೇಡಿ.

ಇನ್ನು ಮೋಸದ ವಿಷಯ. "ಐ 7 ಸ್ವಾಮಿ, ಐ 5 ಅಲ್ಲ" ಎಂದು ವ್ಯಾಪಾರಿ ಹೇಳಿದ ಕೂಡಲೆ ನಮ್ಮವರು ದುಡ್ಡು ತೆಗೆಯುತ್ತಾರೆ. ಐದಕ್ಕಿಂತ ಏಳು ದೊಡ್ಡದೆಂಬುದು ಒಂದನೆಯ ತರಗತಿಯ ಗಣಿತ. ಇಲ್ಲಿ ಅದು ನಡೆಯದು. ಕೇಳಬೇಕಾದದ್ದು ಪೀಳಿಗೆಯನ್ನು. ಇಂಥ ಯಂತ್ರಗಳ ನಾಲ್ಕನೆಯ ಪೀಳಿಗೆಯ ಐ 7ರಲ್ಲಿ ಸಾಮಾನ್ಯವಾಗಿ ಇರುವುದು ಎರಡು ಕೋರ್. ಎಂಟನೆಯ ಪೀಳಿಗೆಯ ಐ 5ರಲ್ಲಿ ನಾಲ್ಕು. ಪ್ರೊಸೆಸರಿನ ಹೆಸರಿನಲ್ಲಿ ಅಡ್ಡಗೆರೆಯ ನಂತರ ಬರುವ ಸಂಖ್ಯೆ 8250 ಅಥವಾ 8350 ಎಂದಿದ್ದರೆ ಎಂಟನೆಯ ಪೀಳಿಗೆ, 6300 ಎಂದಿದ್ದರೆ ಆರನೆಯದು. ಪೆಟ್ಟಿಗೆಯ ಮೇಲಿನ ಚೀಟಿಯನ್ನು ನಂಬಬೇಡಿ, ಅದನ್ನು ಯಾರು ಬೇಕಾದರೂ ಅಂಟಿಸಬಹುದು. ಯಂತ್ರವನ್ನು ಚಾಲೂ ಮಾಡಿಸಿ ಒಳಗೆ ನೋಡಿ.

ಎಂಟನೆಯ ಪೀಳಿಗೆಯೇ ಏಕೆ? ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪೆನಿಯು ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಬೇಕಾದವರಿಗೆ ಇನ್ನೊಂದು ವರ್ಷದ ಭದ್ರತಾ ತಿದ್ದುಪಡಿಗಳನ್ನು ಕೊಡುವುದಾಗಿ ಹೇಳಿದರು, ಅಷ್ಟೆ. ವಿಂಡೋಸ್ 11ಕ್ಕೆ ಅವರು ಒಪ್ಪುವ ಇಂಟೆಲ್ ಪ್ರೊಸೆಸರುಗಳ ಪಟ್ಟಿ ಹೆಚ್ಚುಕಡಮೆ ಎಂಟನೆಯ ಪೀಳಿಗೆಯಿಂದಲೇ ಪ್ರಾರಂಭವಾಗುತ್ತದೆ. ಆರು ಏಳನೆಯ ಪೀಳಿಗೆಯ ಲಕ್ಷಾಂತರ ಯಂತ್ರಗಳ ಒಂದು ಕೀಲೂ ಸವೆದಿಲ್ಲ, ಒಂದು ತಂತಿಯೂ ಸುಟ್ಟಿಲ್ಲ. ಎಲ್ಲೋ ಕುಳಿತವರು ಗೆರೆ ಎಳೆದರೆಂಬ ಒಂದೇ ಕಾರಣಕ್ಕೆ ಅವು ಗುಜರಿಯ ದಾರಿ ಹಿಡಿದವು. ಇದನ್ನು ಯಾವ ನ್ಯಾಯವೆನ್ನಬೇಕೋ ನನಗಂತೂ ತಿಳಿಯದು. ನಮ್ಮ ಪೇಟೆಯ ಅಂಗಡಿಗಳಲ್ಲಿ ಇವಕ್ಕೇ ಕಳ್ಳದಾರಿಯಿಂದ ವಿಂಡೋಸ್ 11 ಹಾಕಿ "ಹೊಸಾದು" ಎಂದು ಮಾರುವವರಿದ್ದಾರೆ. ಬರೀ ಓದು ಬರಹಕ್ಕಾದರೆ ಅಂಥ ಯಂತ್ರವನ್ನೂ ಕೊಳ್ಳಬಹುದು, ಆದರೆ ಬೆಲೆ ಹತ್ತು ಸಾವಿರ ದಾಟಬಾರದು. ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿಕೊಂಡರೆ ಖರ್ಚಿಲ್ಲದೆ ನಡೆಯುತ್ತದೆ. ಅವುಗಳಲ್ಲಿ ಕನ್ನಡವನ್ನು ಸೊಗಸಾಗಿ ಬರೆಯಬಹುದು. ಟ್ಯಾಲಿಯಲ್ಲಿ ಲೆಕ್ಕ ಇಡುವ ವ್ಯಾಪಾರಿಗಳಿಗೆ ಮಾತ್ರ ವಿಂಡೋಸ್ ಬೇಕೇ ಬೇಕು. ಅವರು ಎಂಟನೆಯ ಪೀಳಿಗೆಗಿಂತ ಕೆಳಗೆ ಇಳಿಯಬಾರದು.

ವಿಂಡೋಸಿಗೆ ಬೇರೆ ಹಣ ಕೇಳಿದರೆ ಒಂದು ಮಾತು ನೆನಪಿಡಿ. ಕಚೇರಿಯ ಯಂತ್ರಗಳಲ್ಲಿ ಬಹುಪಾಲಿನವಕ್ಕೆ ಅದರ ಪರವಾನಗಿ ಕಾರ್ಖಾನೆಯಿಂದಲೇ ಬಂದು ಯಂತ್ರದೊಳಗೆ ಅಚ್ಚೊತ್ತಿರುತ್ತದೆ. ಶುದ್ಧವಾದ ಪ್ರತಿಯನ್ನು ಹಾಕಿ ಇಂಟರ್‌ನೆಟ್ಟಿಗೆ ಜೋಡಿಸಿದರೆ ತಾನೇ ಊರ್ಜಿತವಾಗುತ್ತದೆ. ಬೀಗ ಒಡೆದ ಪ್ರತಿಯೊಡನೆ ಏನೇನು ಹುಳು ಒಳಹೊಕ್ಕಿರುತ್ತದೆಂದು ಬಲ್ಲವರಿಲ್ಲ; ಅದೇ ಯಂತ್ರದಲ್ಲಿ ನೀವು ಬ್ಯಾಂಕಿನ ಗುಪ್ತಪದ ಒತ್ತುತ್ತೀರಿ, ಜಿ.ಎಸ್.ಟಿ. ಲೆಕ್ಕ ಸಲ್ಲಿಸುತ್ತೀರಿ.

ಊರಿಗೆಲ್ಲ ಬುದ್ಧಿ ಹೇಳುವ ಈ ಮೇಷ್ಟರು ತಾವೇ ಮೋಸಹೋದದ್ದನ್ನೂ ಹೇಳದೆ ಇರುವುದು ಸರಿಯಲ್ಲ. ಎರಡು ವರ್ಷಗಳ ಹಿಂದೆ ಚೀಟಿಯ ಹಣ 18,000 ಕೊಟ್ಟು ಒಂದು ಯಂತ್ರ ತಂದೆ. ಏಳು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ನಿಧಾನವಾಯಿತೆಂದು ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿ ಇಂಟರ್‌ನೆಟ್ಟಿಗೆ ಜೋಡಿಸಿದ್ದೇ ತಡ, ಪರದೆಯ ಮೇಲೆ ಯಾವುದೋ ಕಂಪೆನಿಯ ಹೆಸರು ಮೂಡಿ, ಅಲ್ಲಿಯ ನೌಕರನೆಂದು ರುಜುವಾತು ಕೊಡಬೇಕೆಂದು ಕೇಳಿತು! ಯಂತ್ರವನ್ನು ಮಾರಿದ್ದರೂ ತಮ್ಮ ದಾಖಲೆಯಿಂದ ಅದನ್ನು ಬಿಡುಗಡೆ ಮಾಡಿರಲಿಲ್ಲವೋ, ಅಥವಾ ಅದು ಕದ್ದ ಮಾಲೋ ದೇವರೇ ಬಲ್ಲ. ಅಂಗಡಿಯವನನ್ನು ಕೇಳಿದರೆ "ಒಂದು ತಿಂಗಳ ಗ್ಯಾರಂಟಿ ಮುಗೀತಲ್ಲ ಸಾರ್" ಎಂದ. ಬಿಲ್ಲು ಕೇಳಿಕೊಂಡಿರಲಿಲ್ಲ. ಕೇಳಿದರೆ ಇನ್ನೂರು ಮುನ್ನೂರು ಹೆಚ್ಚಾದೀತೆಂಬ ನನ್ನ ಜಾಣತನ!

ಆದುದರಿಂದ ಹಣ ಕೊಡುವ ಮೊದಲು ಅಂಗಡಿಯಲ್ಲೇ, ನಿಮ್ಮ ಕಣ್ಣೆದುರಿಗೇ, ಯಂತ್ರವನ್ನು ಪೂರ್ತಿ ಅಳಿಸಿ ಇಂಟರ್‌ನೆಟ್ಟಿಗೆ ಜೋಡಿಸಿ ಮೊದಲಿನಿಂದ ಪ್ರಾರಂಭಿಸಿ ತೋರಿಸಲು ಹೇಳಿ. ಒಂದು ಗಂಟೆ ಹಿಡಿಯುತ್ತದೆ, ಅಂಗಡಿಯವರು ಗೊಣಗುತ್ತಾರೆ, ಗೊಣಗಲಿ. ಹಾಗೆಯೇ ಬಯೋಸ್ ಎಂಬ ಮೂಲ ವ್ಯವಸ್ಥೆಗೆ ಗುಪ್ತಪದದ ಬೀಗವಿಲ್ಲವೆಂದು ಖಚಿತ ಮಾಡಿಕೊಳ್ಳಿ. ಥಿಂಕ್‌ಪ್ಯಾಡಿನಲ್ಲಿ ಆ ಬೀಗದ ಗುಪ್ತಪದ ತಿಳಿಯದಿದ್ದರೆ ಮೂಲ ಬೋರ್ಡನ್ನೇ ಬದಲಾಯಿಸಬೇಕೆಂದು ತಯಾರಕರೇ ಹೇಳುತ್ತಾರೆ. ಯಂತ್ರದ ಕ್ರಮಸಂಖ್ಯೆ ಬರೆದ ಬಿಲ್ಲನ್ನು ಪಡೆಯದೆ ಅಂಗಡಿಯ ಮೆಟ್ಟಿಲು ಇಳಿಯಬೇಡಿ. ಬ್ಯಾಟರಿಯ ಸತ್ವ ತಿಳಿಯಲು ವಿಂಡೋಸಿನಲ್ಲಿಯೇ ಬ್ಯಾಟರಿ ವರದಿ ತೆಗೆಯಬಹುದು. ಕಾರ್ಖಾನೆಯಲ್ಲಿ ಇದ್ದ ಸಾಮರ್ಥ್ಯವೆಷ್ಟು, ಈಗ ತುಂಬುವುದೆಷ್ಟು ಎಂದು ಅದು ಹೇಳುತ್ತದೆ. ಅರ್ಧಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಕಡಿಸಿಕೊಳ್ಳಿ. ಪ್ರತಿಯೊಂದು ಕೀಲಿಯನ್ನೂ ಒತ್ತಿ ನೋಡಿ; ಚಾರ್ಜರಿನ ತುದಿ ಸಡಿಲವಾಗಿ ಅಲುಗುತ್ತಿದೆಯೆ ನೋಡಿ. ಉಳಿದಂತೆ ಮೈಮೇಲಿನ ಗೀರು ಕಚ್ಚುಗಳಿಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಅವುಗಳಿಂದ ಬೆಲೆ ಇಳಿದರೆ ಲಾಭ ನಮ್ಮದೇ.

ದಾವಣಗೆರೆಯಂಥ ಊರಿನಲ್ಲಿ ಇದ್ದುಕೊಂಡು ದೂಳಿನ ಮಾತು ಬಿಟ್ಟರೆ ಆದೀತೆ? ಗಿರಣಿಯ ಹೊಟ್ಟು, ಮಂಡಕ್ಕಿ ಭಟ್ಟಿಯ ಮಸಿ ಗಾಳಿಯಲ್ಲೇ ತೇಲುತ್ತವೆ. ಫ್ಯಾನಿನೊಳಗೆ ಅದು ಹತ್ತಿಯಂತೆ ಗಟ್ಟಿಯಾಗಿ, ಯಂತ್ರ ಬಿಸಿಯೇರಿ ತೆವಳತೊಡಗುತ್ತದೆ. ಜನ "ಹಳೇದಲ್ವಾ, ಹೋಯ್ತು" ಎನ್ನುತ್ತಾರೆ. ಹೋದದ್ದೇನೂ ಇಲ್ಲ. ಆರು ತಿಂಗಳಿಗೊಮ್ಮೆ ಮುಚ್ಚಳ ತೆಗೆದು ಬ್ರಷ್ಷಿನಿಂದ ಗುಡಿಸಿದರೆ ಸಾಕು. ಹಾಸಿಗೆಯ ಮೇಲೆ ಇಡಬೇಡಿ, ಒಂದು ಹಲಗೆಯ ಮೇಲಿಡಿ. ಅಕ್ಕಿ ಮೂಟೆಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಬಿಲ್ಲು ಮಾಡುವ ಮಂಡಿಪೇಟೆಯ ಮಿತ್ರರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ.

ಹೊಸದಕ್ಕೆ ವರ್ಷದ ವಾರಂಟಿ ಉಂಟು, ಹಳೆಯದಕ್ಕೆ ಯಾರು ದಿಕ್ಕು ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದುದೇ. ಹಳೆಯದನ್ನು ಒಂಟಿಯಾಗಿ ಕೊಂಡವನಿಗೆ ದಿಕ್ಕಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ. ಆದರೆ ಐದಾರು ಜನ ಕೂಡಿ ಒಂದೇ ಮಾದರಿಯನ್ನು ಕೊಂಡರೆ ಸಂಗತಿಯೇ ಬೇರೆಯಾಗುತ್ತದೆ. ಒಬ್ಬರ ಚಾರ್ಜರು ಇನ್ನೊಬ್ಬರಿಗೆ ಆಗುತ್ತದೆ. ಎಲ್ಲರಿಗೂ ಸೇರಿ ಒಂದು ಹೆಚ್ಚಿನ ಬ್ಯಾಟರಿ, ಒಂದು ಕೀಲಿಮಣೆ ತಂದಿಟ್ಟರೆ ವರ್ಷಗಟ್ಟಲೆ ಸಾಕು. ಒಂದು ಯಂತ್ರವನ್ನು ಬಿಚ್ಚಿ ಕಲಿತ ಹುಡುಗ ಆರನ್ನೂ ಬಿಚ್ಚಬಲ್ಲ. ಆರು ಯಂತ್ರ ಕೊಳ್ಳುವ ಗಿರಾಕಿಗಳ ಮುಂದೆ ಅಂಗಡಿಯವನು ಆರು ತಿಂಗಳ ಗ್ಯಾರಂಟಿ ಬರೆದುಕೊಡಲು ಹಿಂದೆಮುಂದೆ ನೋಡುವುದಿಲ್ಲ.

ಬಾಯ್ಲರ್ ಮಿತ್ರರು ಕರಪತ್ರವನ್ನು ನಮ್ಮ ಮನೆಯಲ್ಲೇ ಬಿಟ್ಟು ಹೋದರು. ಮರುದಿನ ಮಗಳೇ ಬಂದು ಎಂಟನೆಯ ಪೀಳಿಗೆಯೆಂದರೆ ಏನೆಂದು ನನಗಿಂತ ಚೆನ್ನಾಗಿ ಓದಿಕೊಂಡು ಬಂದಿದ್ದನ್ನು ಒಪ್ಪಿಸಿದಳು. ಅವಳು, ಅವಳ ತಂದೆ, ಕಿರಾಣಿ ಅಂಗಡಿಯ ಇಬ್ಬರು ಗೆಳೆಯರು ಮತ್ತು ನಾನು ಬರುವ ಶನಿವಾರ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೊರಡುವವರಿದ್ದೇವೆ. ಈವರೆಗೆ ನಾಲ್ಕು ಯಂತ್ರಕ್ಕೆ ಹಣ ಸೇರಿದೆ. ಟಿ 480 ಬೇಕಾದವರು ಗುರುವಾರದೊಳಗೆ ತಿಳಿಸಲಿ. ಬರುವವರು ಊಟದ ಡಬ್ಬಿ ತರಬೇಕು, ಪರೀಕ್ಷೆ ಮಾಡುವುದಕ್ಕೆ ಸಂಜೆಯವರೆಗೂ ಆದೀತು.