32 ಸೆಕೆಂಡಿನ ಪಾಠಾಂತರ

"ನೀನು ಆಡಿದ್ದು ಮಾರಿಯೋನೇ ಅಲ್ಲ ಬಿಡು, ಅದು ಚೈನಾ ಡೂಪ್ಲಿಕೇಟು" ಎಂದು ಗೆಳೆಯನೊಬ್ಬ ಹೇಳಿದ. ಹಳೆಯ ವಿಡಿಯೋ ಗೇಮ್‌ಗಳನ್ನು ಸಂಗ್ರಹಿಸುವವನು. ನಿಂಟೆಂಡೊ ಕಂಪನಿ 1983ರಲ್ಲಿ ಹೊರತಂದ ಕೆಂಪು-ಬಿಳಿ ಬಣ್ಣದ ಫ್ಯಾಮಿಕಾಮ್ ಯಂತ್ರವನ್ನು ಜಪಾನಿನಿಂದ ತರಿಸಿ ಕಪಾಟಿನಲ್ಲಿಟ್ಟಿದ್ದಾನೆ. ನನ್ನದು ಅರಸೀಕೆರೆಯಲ್ಲಿ ಅಪ್ಪ ಚೌಕಾಸಿ ಮಾಡಿ ತಂದುಕೊಟ್ಟ, ಮೈಮೇಲೆ ಒಂದು ಹೆಸರೂ ನೆಟ್ಟಗಿಲ್ಲದ ಪ್ಲಾಸ್ಟಿಕ್ ಡಬ್ಬಿ. ಈ ಬರಹ ಆ ಡಬ್ಬಿಯ ಪರವಾಗಿ.

ಊರಿಗೆ ಹೋದಾಗ ಹಟಕ್ಕೆ ಬಿದ್ದು ಅದನ್ನು ಅಟ್ಟದಿಂದ ಇಳಿಸಿದೆ. ಹಳದಿ ಕ್ಯಾಸೆಟ್ಟಿನ ಮೇಲೆ 9999 ಆಟಗಳಿವೆ ಎಂದು ಬರೆದಿದೆ. ಇರುವುದು ಹತ್ತು ಹನ್ನೆರಡು, ಮಿಕ್ಕಿದ್ದೆಲ್ಲ ಅವೇ ಆಟಗಳು ಬೇರೆ ಬೇರೆ ಹಂತದಿಂದ ಶುರುವಾಗುವುದು, ಅಷ್ಟೆ. ಕ್ಯಾಸೆಟ್ಟನ್ನು ಉಫ್ ಎಂದು ಊದಿ ಹಾಕಿದೆ. (ಉಸಿರಿನ ತೇವಕ್ಕೆ ಒಳಗಿನ ಲೋಹ ಹಾಳಾಗುತ್ತದೆಂದು ಈಗ ಗೊತ್ತು. ಗೊತ್ತಿದ್ದೂ ಊದಿದೆ.) ಅತ್ತೆಯ ಮನೆಯಲ್ಲಿ ಉಳಿದಿದ್ದ ಡಬ್ಬಾ ಟಿವಿಗೆ ಹಳದಿ, ಬಿಳಿ ಪಿನ್ನು ಚುಚ್ಚಿದರೆ ಮೂರನೇ ಸಲಕ್ಕೆ ಚಿತ್ರ ಬಂತು. ಪಕ್ಕದಲ್ಲಿ ಕೂತಿದ್ದ ಅಕ್ಕ ಸ್ವಲ್ಪ ಹೊತ್ತು ನೋಡಿ ಅಂದಳು: "ಇದೇ ಕಣೋ ಸರಿ. ಫೋನಿನಲ್ಲಿ ಪುಟ್ಟ ಆಡ್ತಾನಲ್ಲ, ಅದರಲ್ಲಿ ಮಾರಿಯೋ ಯಾಕೋ ಬಸ್ಸು ತಪ್ಪಿದವನ ಹಾಗೆ ಓಡ್ತಾನೆ."

ನೆನಪಿನ ಭ್ರಮೆ ಇರಬಹುದು ಎಂದುಕೊಂಡೆ. ಪರೀಕ್ಷಿಸುವುದು ಸುಲಭವಿತ್ತು. ಮೊದಲ ಹಂತದಲ್ಲಿ ಮಾರಿಯೋನನ್ನು ಒಂದು ಹೆಜ್ಜೆಯೂ ಕದಲಿಸದೆ ನಿಲ್ಲಿಸಿ, ಮೇಲಿನ 400ರ ಗಡಿಯಾರ ಸೊನ್ನೆಗೆ ಇಳಿಯುವವರೆಗೆ ಸ್ಟಾಪ್‌ವಾಚ್ ಹಿಡಿದು ಕೂತೆ. ಹಳೆಯ ಯಂತ್ರದಂತೆ ನಟಿಸುವ ಎಮ್ಯುಲೇಟರ್ ತಂತ್ರಾಂಶದಲ್ಲಿ 2 ನಿಮಿಷ 40 ಸೆಕೆಂಡು. ನಮ್ಮ ಡಬ್ಬಿಯಲ್ಲಿ 3 ನಿಮಿಷ 12 ಸೆಕೆಂಡು.

ಕಾರಣ ಟಿವಿ. ಈ ಆಟಕ್ಕೆ ಕಾಲವೆಂದರೆ ಸೆಕೆಂಡಲ್ಲ, ಪರದೆಯ ಚಿತ್ರಗಳ ಎಣಿಕೆ. ಪ್ರತಿ 24 ಚಿತ್ರಕ್ಕೆ ಒಂದು ಅಂಕಿ ಇಳಿಯುತ್ತದೆ. ಜಪಾನ್, ಅಮೆರಿಕದ ಟಿವಿಗಳು ಸೆಕೆಂಡಿಗೆ 60 ಚಿತ್ರ ಬಿಡಿಸುತ್ತಿದ್ದವು. ನಮ್ಮ ಪಾಲ್ ಪದ್ಧತಿಯ ಟಿವಿ ಬಿಡಿಸಿದ್ದು 50. ಅಲ್ಲಿನವರಿಗಾಗಿ 1985ರಲ್ಲಿ ಬರೆದ ಆಟವನ್ನು ನಕಲಿ ಯಂತ್ರ ಏನೂ ತಿದ್ದದೆ ಇಲ್ಲಿ ಓಡಿಸಿತು. ಹಾಗಾಗಿ ನಮ್ಮ ಮಾರಿಯೋ ಆರರಲ್ಲಿ ಒಂದು ಪಾಲು ನಿಧಾನ. ಅವನ ನೆಗೆತ ನಿಧಾನ, ಆ ಹಾಡಿನ ಲಯವೂ ನಿಧಾನ. ನನ್ನ ಬೆರಳುಗಳು ಕಲಿತದ್ದು ಆ ಲಯವನ್ನು. ಗೆಳೆಯನ ಅಸಲಿ ಯಂತ್ರದಲ್ಲಿ ಆಡಿದಾಗ ಮೊದಲ ಗುಂಡಿಗೇ ಬಿದ್ದು ಸತ್ತಿದ್ದೇಕೆಂದು ಈಗ ತಿಳಿಯಿತು.

'ಮೂಲ ಯಂತ್ರದಲ್ಲೇ ಆಡಬೇಕು' ಎನ್ನುವವರೊಂದಿಗೆ ನನ್ನ ಜಗಳ ಇರುವುದು ಇಲ್ಲೇ. ಯಾರ ಮೂಲ? ನನ್ನ ಬಾಲ್ಯಕ್ಕೆ ಆ ಫ್ಯಾಮಿಕಾಮ್ ಮೂಲವಲ್ಲ, ಅದನ್ನು ನಾನು ಮುಟ್ಟಿದ್ದು ಇಪ್ಪತ್ತೇಳನೇ ವಯಸ್ಸಿನಲ್ಲಿ. ಅರಸೀಕೆರೆಯ ಮಟ್ಟಿಗೆ ನಕಲೇ ಮೂಲ. ಅದನ್ನು ಕಸವೆಂದು ಪಕ್ಕಕ್ಕಿಟ್ಟರೆ ಉಳಿಯುವುದು ಜಪಾನಿನ ಮಗುವೊಂದರ ಬಾಲ್ಯ, ನನ್ನದಲ್ಲ.

ಕಳ್ಳಮಾಲು ಕಳ್ಳಮಾಲೇ, ಅದನ್ನು ಮುಚ್ಚಿಡುವುದಿಲ್ಲ. ಆಟ ಕಟ್ಟಿದ ಶಿಗೆರು ಮಿಯಾಮೊಟೊ ಅವರಿಗೆ ನಮ್ಮಿಂದ ಒಂದು ರೂಪಾಯಿಯೂ ಸಲ್ಲಲಿಲ್ಲ. ಆದರೆ ಕದ್ದದ್ದು ತಯಾರಿಸಿ ಮಾರಿದವರು. ಅದಕ್ಕಾಗಿ ಎಂಟು ವರ್ಷದ ಹುಡುಗನ ಬೇಸಿಗೆ ರಜೆಯೂ ಡೂಪ್ಲಿಕೇಟು ಆಗಬೇಕೆ?

ನಾನು ಸಂಶೋಧನೆ ಮಾಡುತ್ತಿರುವುದು ಗ್ರಂಥಸಂಪಾದನೆಯಲ್ಲಿ. ಪಂಪನ ಕೈಬರಹ ಯಾರ ಬಳಿಯೂ ಇಲ್ಲ. ನಮ್ಮ ಕೈಯಲ್ಲಿರುವುದು ಪ್ರತಿಯ ಪ್ರತಿ, ಲಿಪಿಕಾರ ಕಣ್ತಪ್ಪಿ ಬರೆದದ್ದು, ಜಾಣತನದಿಂದ ತಿದ್ದಿದ್ದು. ಅವನ ಒಂದು ದೀರ್ಘ ತಪ್ಪಿದರೂ ಅಡಿಟಿಪ್ಪಣಿಯಲ್ಲಿ ಗೌರವದಿಂದ ದಾಖಲಿಸುತ್ತೇವೆ. ಅದೇ ವಿದ್ವತ್ತು ಈ 32 ಸೆಕೆಂಡಿನ ಬಗ್ಗೆ ಹೇಳಿದರೆ "ಇದೂ ಒಂದು ಸಂಶೋಧನೆಯೇನಯ್ಯಾ?" ಎಂದು ನಕ್ಕಿತು.

ರಷ್ಯದವರು ನಗಲಿಲ್ಲ. ಅಲ್ಲಿ 1992ರಲ್ಲಿ ಮಾರುಕಟ್ಟೆಗೆ ಬಂದ 'ಡೆಂಡಿ' ಕೂಡ ಇಂಥದೇ ನಕಲಿ ಫ್ಯಾಮಿಕಾಮ್. ಇವತ್ತು ಕೆಲವು ಎಮ್ಯುಲೇಟರ್‌ಗಳಲ್ಲಿ ಅಮೆರಿಕ, ಯುರೋಪಿನ ಪದ್ಧತಿಗಳ ಜೊತೆಗೆ 'ಡೆಂಡಿ' ಎಂಬ ಮೂರನೇ ಆಯ್ಕೆಯೂ ಇದೆ. ಅದನ್ನು ಒತ್ತಿ ಅಳೆದೆ: 3 ನಿಮಿಷ 12 ಸೆಕೆಂಡು. ನನ್ನ ಬಾಲ್ಯದ ಪಾಠ ಕೊನೆಗೂ ಸಿಕ್ಕಿದ್ದು ರಷ್ಯದ ಹೆಸರಿನಡಿ. ನಮ್ಮ ಡಬ್ಬಿಗಳಿಗೆ ಅಂಥ ಒಂದು ಹೆಸರೂ ಉಳಿದಿಲ್ಲ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿ, ಆ ದೇಶದಲ್ಲಿ 2010ಕ್ಕೆ ಮುಂಚೆ ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಈಗ ಮಾರಾಟಕ್ಕಿಲ್ಲ ಎಂದು ಕಳವಳಪಟ್ಟಿತು. ಅಲ್ಲಿ ಕಳೆದುಹೋದದ್ದನ್ನು ಎಣಿಸುವವರಾದರೂ ಇದ್ದಾರೆ.

ಡಬ್ಬಿಯ ತಿರುಪು ಬಿಚ್ಚಿ ನೋಡಿದೆ. ಒಳಗೆ ಕಾಲುಗಳಿರುವ ಚಿಪ್ಪುಗಳೇ ಇಲ್ಲ. ಕರಿ ಅಂಟಿನ ಬೊಟ್ಟೊಂದರ ಕೆಳಗೆ ಎಲ್ಲವೂ ಮುಚ್ಚಿಹೋಗಿದೆ. ಅಗ್ಗವಾಗಲೆಂದು ಮಾಡಿದ ಉಪಾಯ ಅದು. ಬೊಟ್ಟಿನಡಿಯ ಚಿಪ್ಪು ಸತ್ತರೆ ತೆಗೆದು ಇನ್ನೊಂದು ಹಾಕುವ ಹಾಗಿಲ್ಲ. ಜಪಾನಿನ ಯಂತ್ರವನ್ನು ರಿಪೇರಿ ಮಾಡಿಕೊಂಡು ಇನ್ನೂ ಬಹಳ ವರ್ಷ ಓಡಿಸಬಹುದು. ನಮ್ಮದು ಒಂದು ದಿನ ಸುಮ್ಮನೆ ನಿಲ್ಲುತ್ತದೆ, ಗುಜರಿಗೆ ಹೋಗುತ್ತದೆ. ನಿಮ್ಮ ಅಟ್ಟದಲ್ಲಿ ಇಂಥದೊಂದಿದ್ದರೆ ಬೆಳ್ಳುಳ್ಳಿಯವನಿಗೆ ಕೊಡುವ ಮುಂಚೆ ಒಮ್ಮೆ ಟಿವಿಗೆ ಹಾಕಿ, ಅದರ 400ರ ಗಡಿಯಾರ ಎಷ್ಟು ಹೊತ್ತು ಓಡುತ್ತದೆಂದು ಬರೆದಿಡಿ. ಯಾವ ಊರು, ಯಾವ ವರ್ಷ, ಎಷ್ಟಕ್ಕೆ ಕೊಂಡದ್ದು ಎಂಬುದನ್ನೂ.

ಸ್ಟಾಪ್‌ವಾಚ್ ಸಮೇತ ವಿಡಿಯೋ ಮಾಡಿ ಗೆಳೆಯನಿಗೆ ಕಳಿಸಿದೆ. "ಸೆಟ್ಟಿಂಗ್ ತಪ್ಪಿದೆ, ಸರಿ ಮಾಡ್ಕೋ" ಎಂದು ಉತ್ತರ ಬಂತು.