ಹೃದಯದ ನಡುಗೋಡೆಯ ರಂಧ್ರಗಳು

ಕೂಸಿನ ಹೃದಯದಲ್ಲಿ ರಂಧ್ರವಿರುವುದೆಂದು ವೈದ್ಯರು ನುಡಿದೊಡನೆಯೇ ತಾಯ್ತಂದೆಗಳಿಗೆ ದಿಕ್ಕು ತೋಚದಂತಾಗುವುದು ಸಹಜವೇ ಸರಿ. ಆದರೆ ರಂಧ್ರವೆಂಬ ಒಂದೇ ಮಾತಿನಲ್ಲಿ ಹಲವು ಬಗೆಯ ದೋಷಗಳು ಅಡಗಿರುವುವು; ಅವುಗಳ ಚಿಕಿತ್ಸೆಯೂ ಬೇರೆಬೇರೆ. ಆದುದರಿಂದ ಅದೆಷ್ಟು ದೊಡ್ಡದೆಂದು ಕೇಳುವುದರೊಡನೆ ಅದೆಲ್ಲಿರುವುದೆಂದೂ ಕೇಳತಕ್ಕದ್ದು.

ಹೃದಯದ ಮೇಲ್ಭಾಗದಲ್ಲಿ ಎರಡು ಹೃತ್ಕರ್ಣಗಳಿರುವುವು. ಬಲಗಡೆಯದಕ್ಕೆ ದೇಹದಿಂದ ಮರಳಿದ ರಕ್ತವೂ ಎಡಗಡೆಯದಕ್ಕೆ ಶ್ವಾಸಕೋಶಗಳಲ್ಲಿ ಶುದ್ಧವಾದ ರಕ್ತವೂ ಬರುವುವು. ನಡುವಣ ಗೋಡೆಯಲ್ಲಿ ರಂಧ್ರವಿದ್ದರೆ ಎಡಗಡೆಯ ರಕ್ತ ಬಲಗಡೆಗೆ ಸೋರುವುದು. ಮಗುವು ಆಡಿಕೊಂಡೇ ಇರಬಹುದು. ಆದರೆ ದೊಡ್ಡ ರಂಧ್ರವನ್ನು ಹಾಗೆಯೇ ಬಿಟ್ಟರೆ ಹೃದಯದ ಬಲಭಾಗವು ಹಿಗ್ಗಿ, ಮೂವತ್ತು ನಲವತ್ತರ ವಯಸ್ಸಿನಲ್ಲಿ ಏದುಸಿರು, ಹೃದಯಬಡಿತದ ಏರುಪೇರು ಮೊದಲಾದುವು ತಲೆದೋರುವುವು. ಕೆಲವರಲ್ಲಿ ಶ್ವಾಸಕೋಶದ ರಕ್ತದೊತ್ತಡವೇರಿ, ರಂಧ್ರವನ್ನು ಮುಚ್ಚುವುದೇ ಅಪಾಯಕರವಾಗುವ ಸ್ಥಿತಿಯೂ ಬರುವುದುಂಟು.

ಈ ಗೋಡೆಯು ಗರ್ಭದಲ್ಲಿ ಒಮ್ಮೆಗೇ ಏಳುವುದಿಲ್ಲ. ಐದನೆಯ ವಾರದ ಸುಮಾರಿಗೆ ಮೊದಲನೆಯ ಪರದೆಯೊಂದು ಮೇಲಿನಿಂದ ಇಳಿಯುತ್ತಿರುವುದು. ಅದರ ಕೆಳಗೆ ಉಳಿದ ತೆರವೇ 'ಆಸ್ಟಿಯಂ ಪ್ರೈಮಂ', ಎಂದರೆ ಪ್ರಥಮದ್ವಾರ. ಇದು ಮುಚ್ಚುವ ಮೊದಲೇ ಅದೇ ಪರದೆಯ ಮೇಲ್ಭಾಗದಲ್ಲಿ ಇನ್ನೊಂದು ದ್ವಾರವಾಗುವುದು; ಅದು 'ಆಸ್ಟಿಯಂ ಸೆಕಂಡಂ'. ಬಳಿಕ ಎರಡನೆಯ ಪರದೆಯು ಬಲಗಡೆಯಲ್ಲಿ ಬೆಳೆದು ಅದನ್ನು ಮರೆಮಾಡುವುದು. ಎರಡರ ನಡುವೆ ಉಳಿಯುವ ಅಂಡಾಕಾರದ ದಾರಿಯು ಜನನಾನಂತರ ಮುಚ್ಚುವುದು. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅದು ಪೂರ್ತಿ ಬೆಸೆದುಕೊಳ್ಳದು. ಅದನ್ನು ಈ ದೋಷಗಳಲ್ಲಿ ಎಣಿಸುವುದಿಲ್ಲ.

ಆದಕಾರಣ ಪ್ರೈಮಂ, ಸೆಕಂಡಂ ಎಂಬ ಹೆಸರುಗಳು ದ್ವಾರಗಳು ಹುಟ್ಟಿದ ಕ್ರಮವನ್ನು ಸೂಚಿಸುವುವೇ ಹೊರತು ರೋಗದ ತೀವ್ರತೆಯನ್ನಲ್ಲ. 'ಸೆಕಂಡಂ' ಎಂಬ ಲ್ಯಾಟಿನ್ ಶಬ್ದದ ಮೂಲಾರ್ಥವು 'ಹಿಂಬಾಲಿಸುವುದು' ಎಂದು. ನಮ್ಮ ಸಂಸ್ಕೃತದ 'ಸಚ್' ಧಾತುವು ಅದಕ್ಕೆ ಬಂಧು. ವಿಚಿತ್ರವೆಂದರೆ, ಸೆಕಂಡಂ ದೋಷದಲ್ಲಿ ಸಾಮಾನ್ಯವಾಗಿ ಕೊರತೆಯಾಗಿರುವುದು ಮೊದಲನೆಯ ಪರದೆಯೇ! ಶಬ್ದವನ್ನು ನಂಬಿ ಅರ್ಥವನ್ನು ಊಹಿಸುವ ಪಂಡಿತರು ಇಲ್ಲಿ ಎಡವುವರು.

ಸೆಕಂಡಂ ದೋಷವೇ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವಂಥದು. ಗೋಡೆಯ ನಡುವಿನಲ್ಲಿರುವ ಇದು ಚಿಕ್ಕದಾದರೆ ಬಾಲ್ಯದಲ್ಲಿ ತಾನಾಗಿ ಮುಚ್ಚಿಕೊಳ್ಳಬಹುದು. ದೊಡ್ಡದಾಗಿದ್ದು, ಸುತ್ತಲೂ ಸಾಕಷ್ಟು ಅಂಚಿದ್ದ ಪಕ್ಷದಲ್ಲಿ, ತೊಡೆಯ ರಕ್ತನಾಳದ ಮೂಲಕ ಸಾಗಿಸಿದ ಮುಚ್ಚಳದಿಂದ ಎದೆಯನ್ನು ಕೊಯ್ಯದೆಯೇ ಮುಚ್ಚಬಹುದು. ಪ್ರೈಮಂ ದೋಷವಾದರೋ ಗೋಡೆಯ ಬುಡದಲ್ಲಿ, ಕವಾಟಗಳ ಪಕ್ಕದಲ್ಲಿರುವುದು. ಎಡ ಕವಾಟದ ಎಸಳು ಸೀಳಿರುವುದೂ ಸಾಮಾನ್ಯ. ಇದು ತಾನಾಗಿ ಮುಚ್ಚದು, ಮುಚ್ಚಳಕ್ಕೂ ಒಗ್ಗದು, ಶಸ್ತ್ರಚಿಕಿತ್ಸೆಯೇ ಬೇಕು. ಶಸ್ತ್ರಚಿಕಿತ್ಸೆಯೆಂದರೆ ನಡುಗುವವರು ಇದನ್ನು ತಿಳಿದಿರಲಿ: ಹೃದಯ ಶ್ವಾಸಕೋಶಗಳ ಕೆಲಸವನ್ನು ಯಂತ್ರಕ್ಕೆ ವಹಿಸಿ, ಹೃತ್ಕರ್ಣಗಳ ನಡುಗೋಡೆಯ ರಂಧ್ರವನ್ನು ಜಾನ್ ಗಿಬ್ಬನ್ ಎಂಬ ವೈದ್ಯನು ಫಿಲಡೆಲ್ಫಿಯಾದಲ್ಲಿ ಹೊಲಿದು ಮುಚ್ಚಿದ್ದು 1953ರಷ್ಟು ಹಿಂದೆ.

ಕೊರೊನರಿ ಸೈನಸ್ಸಿನ ದೋಷವು ಬಹು ವಿರಳ. 'ಸೈನಸ್ ವಿನೋಸಸ್' ಎಂಬುದರಲ್ಲಿ ಮಾತ್ರ ಎಚ್ಚರಿಕೆ ಬೇಕು. ಸಾಮಾನ್ಯವಾಗಿ ಇದು ಮೇಲಿನ ಮಹಾಸಿರೆಯು ಬಲ ಹೃತ್ಕರ್ಣವನ್ನು ಕೂಡುವೆಡೆಯಲ್ಲಿರುವುದು. ಬಲ ಶ್ವಾಸಕೋಶದ ಸಿರೆಯೂ ದಾರಿತಪ್ಪಿ ಬಲಗಡೆಗೇ ಸೇರಿರುವುದುಂಟು. ಎದೆಯ ಮೇಲಿನಿಂದ ಮಾಡುವ ಎಕೋ ಪರೀಕ್ಷೆಗೆ ಇದು ಸಿಕ್ಕದೆ ಹೋಗಬಹುದು. ಹೃದಯದ ಬಲಭಾಗವು ಹಿಗ್ಗಿದ್ದು ರಂಧ್ರ ಮಾತ್ರ ಕಾಣದಿದ್ದರೆ, ಅನ್ನನಾಳದ ಮೂಲಕ ಮಾಡುವ ಎಕೋ, ಸಿ.ಟಿ. ಅಥವಾ ಎಂ.ಆರ್.ಐ. ಪರೀಕ್ಷೆಯಿಂದ ಇದನ್ನು ಹುಡುಕಬೇಕಾಗುವುದು.